ಮೂರೇ ದಿನದಲ್ಲಿ ಬೆಳಗುವ ಮುಖ

ಹಲಸೂರಿನಲ್ಲಿ ಮೆಟ್ರೊ ಹತ್ತಿದರೆ ಕೃಷ್ಣರಾಜಪುರ ಐದನೆಯ ನಿಲ್ದಾಣ. ಕಳೆದ ತಿಂಗಳು, ಶನಿವಾರ ಭಾನುವಾರ ನಮ್ಮ ಮನೆಯಲ್ಲಿದ್ದ ಮೊಮ್ಮಗಳನ್ನು ಮಗಳ ಮನೆಗೆ ಬಿಟ್ಟುಬರಲು ಹೊರಟಿದ್ದೆ. ಏಳನೇ ಕ್ಲಾಸಿನ ಹುಡುಗಿ. ಸೀಟು ಸಿಕ್ಕಿದ ಕೂಡಲೇ ನನ್ನ ಫೋನು ಇಸಿದುಕೊಂಡಳು. ನಾನು ಕನ್ನಡಕ ಏರಿಸಿ ಪಕ್ಕದಿಂದ ಇಣುಕಿದೆ.

ಒಬ್ಬಾಕೆ ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಮೂಗಿಗೆ ಉಜ್ಜಿದಳು. ಒಬ್ಬ ಹುಡುಗ ಮೊಡವೆಗೆ ಟೂತ್‌ಪೇಸ್ಟ್ ಮೆತ್ತಿದ. ಇನ್ನೊಬ್ಬಳು ಕನ್ನಡಿಯ ಮುಂದೆ ಹತ್ತು ಶೀಶೆ ಸಾಲಾಗಿಟ್ಟು ಒಂದರ ಮೇಲೊಂದು ಹಚ್ಚಿದಳು. ಕೊನೆಗೆ ಅವಳ ಕೆನ್ನೆ ಬೆಳಗಿದ ಸ್ಟೀಲ್ ತಟ್ಟೆಯಂತೆ ಹೊಳೆಯಿತು. ಅದಕ್ಕೆ 'ಗ್ಲಾಸ್ ಸ್ಕಿನ್' ಅನ್ನುತ್ತಾರಂತೆ. ಬೈಯಪ್ಪನಹಳ್ಳಿ ದಾಟುವಷ್ಟರಲ್ಲಿ ಏಳು ವಿಡಿಯೊ ಮುಗಿದಿತ್ತು. ಏಳರಲ್ಲೂ ಒಂದೇ ಮಾತು: ಬೇಗ. ಮೂರು ದಿನ, ಒಂದು ರಾತ್ರಿ, ಹತ್ತು ನಿಮಿಷ.

"ಅಜ್ಜಿ, ನನ್ನ ಬರ್ತ್‌ಡೇಗೆ ಒಂದು ಸೀರಮ್ ಕೊಡಿಸ್ತೀಯಾ?"

"ನಿನ್ನ ಮುಖಕ್ಕೆ ಏನಾಗಿದೆಯೇ?"

"ನೀನೇ ತಾನೆ ಹೇಳಿದ್ದು, ಬಿಸಿಲಲ್ಲಿ ಆಡಿ ಆಡಿ ಕಪ್ಪಗಾಗಿದೀನಿ ಅಂತ."

ನಾನು ಸುಮ್ಮನಾದೆ. ಹೌದು, ಶುಕ್ರವಾರ ಸಂಜೆ ಬಾಗಿಲು ತೆಗೆದವಳೇ ಹಾಗೆ ಅಂದಿದ್ದೆ. ನಮ್ಮಜ್ಜಿ ನನಗೆ ಅಂದಿದ್ದಳು, ನಾನು ಅವಳಿಗೆ ಅಂದೆ. ಪ್ರೀತಿಯಲ್ಲೇ ಅಂದದ್ದು. ಆದರೆ ಆ ಮಾತು ಎಲ್ಲಿಗೆ ಮುಟ್ಟಿದೆ ಅನ್ನುವುದು ಮುಂದಿನ ನಿಮಿಷದಲ್ಲಿ ತಿಳಿಯಿತು. ಬ್ಯಾಗಿನ ಜಿಪ್ ತೆಗೆದು ಒಂದು ಪುಟ್ಟ ಟ್ಯೂಬು ತೋರಿಸಿದಳು. ಗೆಳತಿಯ ಅಕ್ಕ ಯಾವುದೋ ಪಾರ್ಲರ್‌ನಿಂದ ತಂದದ್ದು, ಎರಡು ರಾತ್ರಿ ಹಚ್ಚಿಕೊಂಡಿದ್ದಾಳೆ. ಟ್ಯೂಬಿನ ಮೇಲೆ ಹೊಳೆಯುವ ಅಕ್ಷರದಲ್ಲಿ ಬೆಳ್ಳಗಾಗುವ ಮಾತಿತ್ತು, ಮೂರು ದಿನದ ವಾಯಿದೆ ಇತ್ತು. ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ಒಳಗೆ ಏನಿದೆ ಅನ್ನುವ ಪಟ್ಟಿಯಿಲ್ಲ.

ಆ ಟ್ಯೂಬು ನನ್ನ ಕೈಚೀಲಕ್ಕೆ ಬಂತು. ಅಲ್ಲಿಂದ ಶುರುವಾದ ನನ್ನ ಓದು, ವಿಚಾರಣೆ, ಓಡಾಟದ ಫಲ ಈ ಬರಹ. ಅರ್ಧ ಮಕ್ಕಳಿಗೆ, ಅರ್ಧ ನನ್ನಂಥ ಅಜ್ಜಿ ತಾತಂದಿರಿಗೆ.

ಮೊದಲು ಚರ್ಮದ ಲೆಕ್ಕ ತಿಳಿಯೋಣ. ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ದಿನವೂ ಹೊಸ ಜೀವಕೋಶಗಳು ಹುಟ್ಟುತ್ತವೆ. ಮೆಟ್ಟಿಲು ಹತ್ತಿದಂತೆ ಒಂದೊಂದೇ ಹಂತ ಮೇಲೆ ಬರುತ್ತವೆ, ಚಪ್ಪಟೆಯಾಗುತ್ತವೆ, ಸಾಯುತ್ತವೆ, ಕೊನೆಗೆ ಕಣ್ಣಿಗೆ ಕಾಣದ ಹೊಟ್ಟಿನಂತೆ ಉದುರಿಹೋಗುತ್ತವೆ. ತಳದಿಂದ ಮೇಲಿನವರೆಗಿನ ಈ ಪಯಣಕ್ಕೆ ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಬಣ್ಣ ತುಂಬುವುದೂ ಆ ತಳದಲ್ಲೇ. ಅಲ್ಲಿರುವ ಬೇರೊಂದು ಬಗೆಯ ಕೋಶಗಳು ಮೆಲನಿನ್ ಎಂಬ ಕಂದು ಬಣ್ಣವನ್ನು ತಯಾರಿಸಿ ನೆರೆಯ ಕೋಶಗಳಿಗೆ ಹಂಚುತ್ತವೆ. ಬಿಸಿಲಿಗೆ ಹಿಡಿದ ಕೊಡೆ ಅದು. ಬಿಸಿಲಲ್ಲಿ ಆಡಿದ ಮಗು ಕಪ್ಪಾಯಿತು ಎಂದರೆ ಕೊಡೆ ಬಿಚ್ಚಿಕೊಂಡಿದೆ ಎಂದರ್ಥ, ಕೊಳೆಯಾಗಿದೆ ಎಂದಲ್ಲ.

ಹೀಗಿರುವಾಗ ಮೂರು ದಿನದಲ್ಲಿ ಮುಖದ ಬಣ್ಣ ಬದಲಾಯಿತು ಎಂದರೆ ಹೇಗೆ? ಹೊಸ ಚರ್ಮ ಇನ್ನೂ ದಾರಿಯಲ್ಲೇ ಇದೆ, ಮೇಲೆ ಬಂದೇ ಇಲ್ಲ. ಹಾಗಾದರೆ ಮತ್ತೇನೋ ನಡೆದಿದೆ. ಕ್ಯಾಮೆರಾದ ಫಿಲ್ಟರ್ ಇರಬಹುದು. 'ಮೊದಲು' ಚಿತ್ರವನ್ನು ಕತ್ತಲೆ ಮೂಲೆಯಲ್ಲೂ 'ಆಮೇಲೆ' ಚಿತ್ರವನ್ನು ಕಿಟಕಿಯ ಬಳಿಯೂ ತೆಗೆದಿರಬಹುದು. ಇಷ್ಟೇ ಆದರೆ ನಷ್ಟ ದುಡ್ಡಿನದು ಮಾತ್ರ. ಆದರೆ ಕೆಲವು ಕ್ರೀಮುಗಳು ನಿಜವಾಗಿಯೂ ಬೇಗ ಕೆಲಸ ಮಾಡುತ್ತವೆ. ಹೆದರಬೇಕಾದದ್ದು ಅವುಗಳಿಗೆ.

ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕೋಟ್ಟಕ್ಕಲ್ ಎಂಬ ಊರಿದೆ. ಆಯುರ್ವೇದ ಚಿಕಿತ್ಸೆಗೆ ಹೆಸರಾದ ಊರೆಂದು ಹಿರಿಯರಿಗೆ ಗೊತ್ತು. ಅಲ್ಲಿನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಮೂತ್ರಪಿಂಡ ತಜ್ಞರ ಬಳಿಗೆ 14 ವರ್ಷದ ಹುಡುಗಿಯೊಬ್ಬಳು ಬಂದಳು. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಾಯಿಲೆ. ಇಂಥ ಕಾಯಿಲೆಯಲ್ಲಿ ಮೂತ್ರ ನೊರೆನೊರೆಯಾಗುತ್ತದೆ, ಮುಖ ಕಾಲು ಊದಿಕೊಳ್ಳುತ್ತವೆ. ಸ್ವಲ್ಪ ದಿನಕ್ಕೆ ಅವಳ ಸಂಬಂಧಿಕರಲ್ಲೇ ಇನ್ನೊಬ್ಬರು ಅದೇ ಅಪರೂಪದ ಕಾಯಿಲೆ ಹೊತ್ತು ಬಂದರು. ವೈದ್ಯರಿಗೆ ಅನುಮಾನ ಬಂತು. ಕೇಳುತ್ತಾ ಹೋದಾಗ ಇಬ್ಬರೂ ಒಂದೇ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದರೆಂದು ತಿಳಿಯಿತು. ಆಮೇಲೆ ಅವರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗಿನ ಲೆಕ್ಕ ಹಿಡಿದರು. ಆ ಬಗೆಯ ಮೂತ್ರಪಿಂಡದ ಕಾಯಿಲೆಯ 22 ಮಂದಿಯಲ್ಲಿ 15 ಮಂದಿಗೆ ಅದರ ಒಂದು ವಿಶೇಷ ರೂಪ ಇತ್ತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಬಳಸಿದವರು. ಹಚ್ಚುವುದನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಅನ್ನುವುದು ಸಮಾಧಾನ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಗೆ ಇಳಿಯಿತು.

ಆ ಕ್ರೀಮುಗಳಲ್ಲಿ ಇದ್ದದ್ದು ಪಾದರಸ. ಹಳೆಯ ಥರ್ಮಾಮೀಟರಿನಲ್ಲಿ ಬೆಳ್ಳಿಯಂತೆ ಏರಿಳಿಯುತ್ತಿತ್ತಲ್ಲ, ಅದೇ. ಮೆಲನಿನ್ ತಯಾರಾಗಲು ಬೇಕಾದ ಟೈರೊಸಿನೇಸ್ ಎಂಬ ಕಿಣ್ವವನ್ನು ಪಾದರಸ ಕೆಲಸ ಮಾಡದಂತೆ ತಡೆಯುತ್ತದೆ. ಬಣ್ಣ ತಿಳಿಯಾಗುತ್ತದೆ, ಅದು ಸುಳ್ಳಲ್ಲ. ಆದರೆ ಪಾದರಸ ಮುಖದಲ್ಲೇ ಕುಳಿತಿರುವುದಿಲ್ಲ. ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡ, ನರಗಳಿಗೆ ಹೋಗುತ್ತದೆ. ಹಚ್ಚಿದವರ ದಿಂಬು, ಟವೆಲ್ಲು, ಕೈಗಳಿಂದ ಮನೆಯ ಇತರರಿಗೂ ತಲುಪುತ್ತದೆ. ಅಮೆರಿಕದಲ್ಲಿ 2010ರಲ್ಲಿ ಇಂಥ ಕ್ರೀಮು ಬಳಸಿದವರ ಮನೆಗಳನ್ನು ಪರೀಕ್ಷಿಸಿದಾಗ, ಕ್ರೀಮು ಮುಟ್ಟದ ಮನೆಮಂದಿಯ ಮೂತ್ರದಲ್ಲೂ ಪಾದರಸ ಕಂಡಿತು. ತೊಡೆಯ ಮೇಲೆ ಕೂಸು ಮಲಗಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಮುಖದ ಕ್ರೀಮಿನಲ್ಲಿ ಪಾದರಸ ಬೆರೆಸುವಂತಿಲ್ಲ ಎಂದು ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ಗೊತ್ತಿಲ್ಲದೆ ಸೇರಿದರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದು. ಅಂದರೆ ಒಂದು ಟನ್ ಕ್ರೀಮಿಗೆ ಒಂದು ಗ್ರಾಂ. ಕದ್ದುಮುಚ್ಚಿ ಮಾರುವವರು ಈ ಲೆಕ್ಕ ಇಡುವುದಿಲ್ಲ.

ಪಾದರಸ ಇದೆಯೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿ, ಮೂಸಿ ಹೇಳಲಾಗದು, ಪ್ರಯೋಗಾಲಯವೇ ಬೇಕು. ಆದರೆ ಒಂದು ಸುಳಿವಿದೆ. ಇಂಥ ಕೆಲವು ಡಬ್ಬಿಗಳ ಮೇಲೆ 'ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ಒಡವೆಗಳಿಗೆ ತಾಗಿಸಬೇಡಿ' ಎಂದು ಬರೆದಿರುತ್ತದಂತೆ. ಕ್ರೀಮಿಗೂ ಚಿನ್ನಕ್ಕೂ ಏನು ಜಗಳ? ನಮ್ಮ ಹಲಸೂರಿನಲ್ಲಿ ಇದನ್ನು ಕೇಳಲು ದೂರ ಹೋಗಬೇಕಿಲ್ಲ. ಮುಂದಿನ ವಾರ ಮೊಮ್ಮಗಳು ಬಂದಾಗ ಅವಳ ಕೈಹಿಡಿದು ಬಜಾರಿನ ಕಡೆ ನಡೆದೆ. ನನ್ನ ಮೂಗುಬಟ್ಟು ರಿಪೇರಿ ಮಾಡುವ ಆಚಾರ್ರ ಅಂಗಡಿ ಮೂರಡಿ ಅಗಲದ್ದು.

"ಆಚಾರ್ರೇ, ಪಾದರಸ ಚಿನ್ನಕ್ಕೆ ತಾಗಿದರೆ ಏನಾಗತ್ತೆ?"

"ಅಯ್ಯೋ, ಬೇಡಮ್ಮ! ಉಂಗುರ ಬೆಳ್ಳಗೆ ಬಿಳಿಚ್ಕೊಳುತ್ತೆ. ಚಿನ್ನದ ಒಳಕ್ಕೇ ಹೊಕ್ಕುಬಿಡತ್ತೆ ಅದು. ಮುರುಕು ಬಿಸ್ಕತ್ತಿನ ಥರ ಮಾಡಿಬಿಡತ್ತೆ."

ಹಿಂದೆ ಬೆಳ್ಳಿ, ತಾಮ್ರದ ಸಾಮಾನಿಗೆ ಚಿನ್ನದ ಮುಲಾಮು ಹಾಕುವಾಗ ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬಳಿದು ಬೆಂಕಿಗೆ ಹಿಡಿಯುತ್ತಿದ್ದರಂತೆ. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. "ಆ ಹೊಗೆ ಕುಡಿದ ಹಳಬರು ಕೈನಡುಗಿ ಕೂತರು ಅಂತ ನಮ್ಮಪ್ಪ ಹೇಳೋರು" ಅಂದರು ಆಚಾರ್ರು. ಹುಡುಗಿ ತನ್ನ ಕಿವಿಯ ಓಲೆ ಮುಟ್ಟಿಕೊಂಡಳು. ಚಿನ್ನವನ್ನೇ ಬಿಳಿಚಿಸುವುದು ಕೆನ್ನೆಯನ್ನು ಬಿಟ್ಟೀತೇ ಅನ್ನುವ ಲೆಕ್ಕ ಅವಳ ಮುಖದಲ್ಲಿ ಕಾಣುತ್ತಿತ್ತು. ನಾನು ಏನೂ ಹೇಳಲಿಲ್ಲ.

ಬೇಗ ಕೆಲಸ ಮಾಡುವ ಎರಡನೆಯ ಆಸಾಮಿ ಸ್ಟೀರಾಯ್ಡ್. ಇದು ವಿಷವಲ್ಲ, ಒಳ್ಳೆಯ ಔಷಧ. ಇಸುಬು, ಅಲರ್ಜಿ ಆದಾಗ ವೈದ್ಯರು ಇಷ್ಟು ದಿನ, ಇಷ್ಟೇ ಎಂದು ಅಳೆದು ಕೊಡುತ್ತಾರೆ. ಸ್ಟೀರಾಯ್ಡ್ ಕ್ರೀಮು ಹಚ್ಚಿದ ಜಾಗದಲ್ಲಿ ಸಣ್ಣ ರಕ್ತನಾಳಗಳು ಕುಗ್ಗಿ ಚರ್ಮ ಬಿಳಿಚಿಕೊಳ್ಳುತ್ತದೆ. ಅದರ ಶಕ್ತಿಯನ್ನು ಅಳೆಯಲು ವಿಜ್ಞಾನಿಗಳು ಬಳಸುವುದೂ ಈ ಬಿಳಿಚುವಿಕೆಯನ್ನೇ. ಮೊಡವೆಯ ಕೆಂಪು ತಗ್ಗುತ್ತದೆ, ತುರಿಕೆ ನಿಲ್ಲುತ್ತದೆ, ಕನ್ನಡಿಯಲ್ಲಿ ಮುಖ ತಿಳಿಯಾಗಿ ಕಾಣುತ್ತದೆ. ಇದು ಫೇರ್‌ನೆಸ್ ಕ್ರೀಮು ಅಂದುಕೊಂಡು ಜನ ತಿಂಗಳುಗಟ್ಟಲೆ ಹಚ್ಚುತ್ತಾರೆ. ಆಮೇಲೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮುಖದಲ್ಲಿ ಕೂದಲು, ಗುಳ್ಳೆ. ನಿಲ್ಲಿಸಿದರೆ ಉರಿ, ಕೆಂಪು. ಸಹಿಸಲಾಗದೆ ಮತ್ತೆ ಅದೇ ಟ್ಯೂಬು.

ಇದೇನು ಅಪರೂಪವಲ್ಲ. ಭಾರತದ ಹಲವು ಆಸ್ಪತ್ರೆಗಳ ಚರ್ಮವೈದ್ಯರು ಸೇರಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಖದ ತೊಂದರೆಯಿಂದ ಬಂದ 2926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಮಾಡಿತು. ಮಕ್ಕಳೇ, ಗುರುತು ಹಿಡಿಯುವುದು ಸುಲಭ. ಔಷಧದ ಟ್ಯೂಬಿನ ಎಡಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ ಅದು ಚೀಟಿಯ ಔಷಧ, ಮುಖದ ಕ್ರೀಮಲ್ಲ. ಹೆಸರಿನಲ್ಲಿ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಅಲ್ಲೇ ನಿಲ್ಲಿ. ಪಕ್ಕದ ಮನೆಯ ಆಂಟಿಗೆ ಗುಣ ಕಂಡಿತು ಅನ್ನುವುದು ಚೀಟಿಯಾಗುವುದಿಲ್ಲ.

ಮೂರನೆಯದು ಶಿವಾಜಿನಗರದಲ್ಲಿ ಹಬ್ಬದ ಹಿಂದಿನ ದಿನ ಸುತ್ತಿದವರಿಗೆಲ್ಲ ಗೊತ್ತಿರುವ ವಸ್ತು: ಮೆಹೆಂದಿ. ರಂಜಾನ್ ಬರಲಿ, ಮದುವೆ ಕಾಲ ಬರಲಿ, ಕಮರ್ಷಿಯಲ್ ಸ್ಟ್ರೀಟ್ ಕಡೆ ಕೈ ಚಾಚಿ ಕುಳಿತ ಹುಡುಗಿಯರ ಸಾಲು ನೋಡುವುದೇ ಒಂದು ಸೊಗಸು. ಗೋರಂಟಿ ಎಲೆಯ ಬಣ್ಣ ಮೊದಲು ಕಿತ್ತಳೆ, ಒಂದೆರಡು ದಿನದಲ್ಲಿ ಕೆಂಪುಗಂದು. ರಾತ್ರಿಯಿಡೀ ಕೈಗೆ ಬಟ್ಟೆ ಕಟ್ಟಿ ಮಲಗಿದ ಅಜ್ಜಿಯರನ್ನು ಕೇಳಿ. ಹಾಗಿರುವಾಗ ಅರ್ಧ ಗಂಟೆಯಲ್ಲಿ ಕಾಡಿಗೆಯಂತೆ ಕಪ್ಪಾಗುವ ಮೆಹೆಂದಿ ಎಲೆಯದಲ್ಲ. ಅದರಲ್ಲಿ ಸಾಮಾನ್ಯವಾಗಿ ಸೇರಿರುವುದು ಕೂದಲಿನ ಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕ. ಕೆಲವರ ಕೈಯಲ್ಲಿ ಬಳ್ಳಿಯ ಚಿತ್ತಾರ ಇದ್ದಲ್ಲೇ ಬಳ್ಳಿಯಾಕಾರದ ಗುಳ್ಳೆ ಏಳುತ್ತದೆ. ಇನ್ನೂ ಕೆಟ್ಟದ್ದೆಂದರೆ ಮೈ ಆ ಪೆಟ್ಟನ್ನು ಮರೆಯುವುದಿಲ್ಲ. ಹತ್ತು ವರ್ಷದ ಹುಡುಗಿಗೆ ಹೀಗೆ ಅಲರ್ಜಿ ಕೂತರೆ, ನಲವತ್ತು ವರ್ಷದ ಬಳಿಕ ನರೆಗೂದಲಿಗೆ ಬಣ್ಣ ಹಚ್ಚಿದಾಗ ಮುಖ ಊದಿಕೊಂಡೀತು.

ಪಾದರಸ, ಸ್ಟೀರಾಯ್ಡ್, ಕಪ್ಪು ಮೆಹೆಂದಿ. ಮೂರಕ್ಕೂ ಗುಣಲಕ್ಷಣ ಒಂದೇ: ಬೇಗ ಫಲ. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಬಂದಿದೆ. ಯಾವ ವಿಡಿಯೊದಲ್ಲಿ ಎಷ್ಟು ದಿನದ ಮಾತಿದೆಯೋ ಅದನ್ನು ಮೊಮ್ಮಗಳು ಜೋರಾಗಿ ಓದುತ್ತಾಳೆ. ನಾಲ್ಕು ವಾರಕ್ಕಿಂತ ಕಡಿಮೆಯಿದ್ದರೆ ನಾವಿಬ್ಬರೂ "ಹೇಗೆ?" ಅನ್ನುತ್ತೇವೆ. ಆ ಒಂದು ಪ್ರಶ್ನೆಗೆ ಎಷ್ಟೋ ವಿಡಿಯೊಗಳ ಬಳಿ ಉತ್ತರವಿಲ್ಲ. ಒಂದು ರಿಯಾಯಿತಿ ಕೊಟ್ಟಿದ್ದೇವೆ. ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆಯೋ ಮಾಯಿಶ್ಚರೈಸರೋ ಹಚ್ಚಿದರೆ ತಕ್ಷಣ ಮೃದುವಾಗುತ್ತದೆ, ಅದರಲ್ಲಿ ಮೋಸವಿಲ್ಲ. ಬಣ್ಣ, ಕಲೆ, ಮೊಡವೆಯ ಮಾತು ಬಂದಾಗ ಮಾತ್ರ ಕ್ಯಾಲೆಂಡರ್ ನೋಡುವುದು.

ಈಗ ಅಡುಗೆಮನೆಗೆ ಬರೋಣ. "ಮನೆಯಲ್ಲಿರೋದೇ ಅಲ್ವಾ, ಏನಾಗತ್ತೆ?" ಅನ್ನುವವರು ನಾವೇ, ಹಿರಿಯರು. ನಿಂಬೆಹಣ್ಣಿನ ಹುಳಿ ಬಹಳ ಕಟುವಾದದ್ದು. ನಮ್ಮ ಚರ್ಮವೂ ತುಸು ಹುಳಿಯ ಸ್ವಭಾವದ್ದೇ, ಆದರೆ ಮಜ್ಜಿಗೆಗೂ ನಿಂಬೆರಸಕ್ಕೂ ಇರುವಷ್ಟು ಅಂತರ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ, ಕ್ಷಾರ. ಎರಡೂ ಚರ್ಮದ ಮೇಲಿನ ಕಾವಲು ಪದರವನ್ನು ಕೆಡಿಸುತ್ತವೆ. ಎರಡನ್ನೂ ಬೆರೆಸಿದಾಗ ಬರುವ ನೊರೆ ನೋಡಲು ಚೆಂದ, ಅಷ್ಟೇ. ನಿಂಬೆಯಲ್ಲಿ ಇನ್ನೊಂದು ಗುಟ್ಟಿದೆ. ಅದರ ಸಿಪ್ಪೆ, ರಸದಲ್ಲಿರುವ ಫ್ಯೂರೊಕೌಮರಿನ್ ಎಂಬ ವಸ್ತುಗಳು ಬಿಸಿಲು ಬಿದ್ದಾಗ ಎಚ್ಚೆತ್ತುಕೊಂಡು ಚರ್ಮವನ್ನು ಸುಡುತ್ತವೆ. ನಿಂಬೆರಸ ಹಚ್ಚಿ ಶಾಲೆಯ ಮೈದಾನಕ್ಕೆ ಹೋದರೆ ಒಂದೆರಡು ದಿನದಲ್ಲಿ ಕೆಂಪು, ಗುಳ್ಳೆ, ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಂದು ಕಲೆ. ಬೆಳ್ಳಗಾಗಲು ಹೋದವರು ಹೆಚ್ಚು ಕಪ್ಪಾಗುವುದು ಹೀಗೆ. ಪಾನಕಕ್ಕೆ ನಿಂಬೆಹಣ್ಣು ಹಿಂಡಿದ ಕೈಯನ್ನೂ ತೊಳೆದು ಬಿಸಿಲಿಗೆ ಹೋಗುವುದೇ ಲೇಸು. ಟೂತ್‌ಪೇಸ್ಟು ಹಲ್ಲಿಗೆ ಮಾಡಿದ್ದು. ಮೊಡವೆಯ ಸುತ್ತಲಿನ ಚರ್ಮ ಅದರಿಂದ ಒಣಗಿ ಉರಿಯುತ್ತದೆ. 'ಉರಿ ಬಂದರೆ ಕೆಲಸ ಮಾಡ್ತಿದೆ ಅಂತ' ಎಂದು ವಿಡಿಯೊದವರು ಹೇಳುತ್ತಾರೆ. ಉರಿ ಎಂದರೆ ಚರ್ಮ ಬೇಡ ಅನ್ನುತ್ತಿದೆ. ತಣ್ಣೀರಲ್ಲಿ ತೊಳೆಯಿರಿ.

ಹತ್ತು ಶೀಶೆಯ ಹುಡುಗಿಯ ವಿಷಯಕ್ಕೆ ಬರದೆ ಹೋದರೆ ಮೊಮ್ಮಗಳು ಬಿಡುವುದಿಲ್ಲ, ಏಕೆಂದರೆ ಅವಳಿಗೆ ಬೇಕಾದ ಸೀರಮ್ ಆ ಸಾಲಿನದೇ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರಿಬ್ಬರು 13 ವರ್ಷದವರಂತೆ ಟಿಕ್‌ಟಾಕ್ ಖಾತೆ ತೆರೆದು, 7ರಿಂದ 18 ವರ್ಷದ ಹುಡುಗಿಯರು ಮುಖಕ್ಕೆ ಹಚ್ಚಿಕೊಳ್ಳುವ 100 ವಿಡಿಯೊ ನೋಡಿದರು. 2025ರ ಜೂನ್‌ನಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಅದರ ವರದಿ ಬಂತು. ಒಬ್ಬೊಬ್ಬರು ಸರಾಸರಿ ಆರು ಬಗೆ ಹಚ್ಚುತ್ತಿದ್ದರು. ಕೆಲವರು ಹನ್ನೆರಡಕ್ಕೂ ಹೆಚ್ಚು. ಅತಿ ಹೆಚ್ಚು ಜನ ನೋಡಿದ ವಿಡಿಯೊಗಳಲ್ಲಿ ಚರ್ಮ ಕೆರಳಿಸಬಲ್ಲ ವಸ್ತುಗಳು ಸರಾಸರಿ ಹನ್ನೊಂದು. ಇಷ್ಟೆಲ್ಲ ಹಚ್ಚಿದವರಲ್ಲಿ ಹಗಲು ಹೊತ್ತಿನ ಸನ್‌ಸ್ಕ್ರೀನ್ ಹಚ್ಚಿದವರು ಕಾಲುಭಾಗದಷ್ಟು ಮಾತ್ರ! ಟಿಕ್‌ಟಾಕ್ 2020ರಿಂದ ನಮ್ಮ ದೇಶದಲ್ಲಿಲ್ಲ, ಆದರೆ ಆ ಶೀಶೆಗಳ ಸಾಲು ಬೇರೆ ಆ್ಯಪುಗಳಲ್ಲಿ ಸುಖವಾಗಿದೆ, ಇಂದಿರಾನಗರದ ನೂರಡಿ ರಸ್ತೆಯ ಅಂಗಡಿಗಳ ಕಪಾಟಿನಲ್ಲೂ ಇದೆ.

ಆ ಶೀಶೆಗಳಲ್ಲಿ ರೆಟಿನಾಲ್ ಇರುತ್ತದೆ, ಗ್ಲೈಕಾಲಿಕ್ ಆಮ್ಲ ಇರುತ್ತದೆ. ಹಳೆಯ ಕೋಶಗಳನ್ನು ಉದುರಿಸಿ ಹೊಸತನ್ನು ಬೇಗ ಮೇಲೆ ತರುವ ಕೆಲಸ ಅವುಗಳದ್ದು. ಸುಕ್ಕು ಬಿದ್ದ ನನ್ನ ಮುಖಕ್ಕೆ ಅದರಿಂದ ಏನಾದರೂ ಪ್ರಯೋಜನವಿದ್ದೀತು. ಹನ್ನೆರಡು ವರ್ಷದವಳ ಚರ್ಮ ಆ ಕೆಲಸವನ್ನು ತಾನೇ ಚುರುಕಾಗಿ ಮಾಡುತ್ತಿರುತ್ತದೆ. ಓಡುತ್ತಿರುವ ಮಗುವನ್ನು ಹಿಂದಿನಿಂದ ತಳ್ಳಿದರೆ ಮಂಡಿ ಕೆತ್ತುವುದೊಂದೇ ಫಲ. ಮೇಲಾಗಿ ಈ ಆಮ್ಲಗಳು ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಅಳ್ಳಕ ಮಾಡುತ್ತವೆ. ಮಕ್ಕಳಿಗೆ ಬೇಕಾದದ್ದು ಮೂರೇ: ಸೌಮ್ಯವಾದ ಸೋಪು ನೀರು, ಒಣಗಿದರೆ ಮಾಯಿಶ್ಚರೈಸರ್, ಬಿಸಿಲಿಗೆ ಟೋಪಿ ಮತ್ತು ಸನ್‌ಸ್ಕ್ರೀನ್. ಮೊಡವೆ ಹೆಚ್ಚಾಗಿ ನೋವಾಗುತ್ತಿದ್ದರೆ, ಕಲೆ ಉಳಿಯುತ್ತಿದ್ದರೆ ಅದು ಚರ್ಮವೈದ್ಯರ ಕೆಲಸ. ದುಡ್ಡಿನ ಚಿಂತೆಯವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಇದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಆ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವೂ ಇದೆ.

ಡಬ್ಬಿಯನ್ನು ತಿರುಗಿಸಿ ಓದುವುದನ್ನು ಮೊಮ್ಮಗಳಿಗೆ ಕಲಿಸಿದ್ದೇನೆ, ಅಥವಾ ಇಬ್ಬರೂ ಸೇರಿ ಕಲಿತೆವು. ಇಲ್ಲಿ ತಯಾರಾದದ್ದಾದರೆ ತಯಾರಕರ ಹೆಸರು, ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಲ್ಲಿಯವರೆಗೆ ಬಳಸಬಹುದೆಂಬ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ವಿಳಾಸ ಮತ್ತು ನೋಂದಣಿ ಪ್ರಮಾಣಪತ್ರದ ಸಂಖ್ಯೆ. ಕೊರಿಯಾ ಅಕ್ಷರವೋ ಅರಬ್ಬಿ ಅಕ್ಷರವೋ ಇದ್ದು, ಇದ್ಯಾವುದೂ ಇಲ್ಲದಿದ್ದರೆ ಅದು ಯಾರದೋ ಸೂಟ್‌ಕೇಸಿನಲ್ಲಿ ಬಂದದ್ದು. ಇವೆಲ್ಲ ಇದ್ದರೂ ಅದು ನಿಮಗೆ ಹೊಂದುತ್ತದೆ ಎಂದು ಹೇಳಲಾಗದು. ಅದಕ್ಕೆ ಮೊಣಕೈ ಒಳಬದಿಯಲ್ಲಿ ಚೂರು ಹಚ್ಚಿ ಏಳರಿಂದ ಹತ್ತು ದಿನ ನೋಡುವ ಪದ್ಧತಿಯಿದೆ. ತುರಿಕೆ, ಕೆಂಪು ಬಂದರೆ ಬೇಡ. ಆದರೆ ಈ ಪರೀಕ್ಷೆಗೆ ಒಂದು ಕುಂದಿದೆ, ವಿಡಿಯೊದವರು ಅದನ್ನು ಹೇಳುವುದಿಲ್ಲ. ಪಾದರಸ ಆ ಪರೀಕ್ಷೆಯಲ್ಲಿ ಸದ್ದಿಲ್ಲದೆ ಪಾಸಾಗಬಲ್ಲದು. ಸ್ಟೀರಾಯ್ಡ್ ಅಂತೂ ತುರಿಕೆಯನ್ನೇ ಅಡಗಿಸುವಂಥದ್ದು, ಫಸ್ಟ್ ಕ್ಲಾಸಿನಲ್ಲೇ ಪಾಸು. ಹೆಸರಿಲ್ಲದ ಟ್ಯೂಬಿಗೆ ಕೈ ಒಡ್ಡಿ ಪರೀಕ್ಷೆ ಮಾಡುವುದು ಬೇಡವೇ ಬೇಡ.

ಮಾತಾಡುತ್ತಿರುವವರು ಯಾರು ಎಂದೂ ನೋಡಬೇಕು. ದುಡ್ಡು, ಉಡುಗೊರೆ, ಪುಕ್ಕಟೆ ವಸ್ತು ಏನೇ ಪಡೆದು ಹೊಗಳಿದರೂ ಅದನ್ನು ವಿಡಿಯೊದಲ್ಲಿ ಎದ್ದುಕಾಣುವಂತೆ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಈ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಟ್ಯೂಬು ಏನಾಯಿತು ಎಂದು ಕೇಳುತ್ತೀರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹುಡುಗಿಯ ಜೊತೆ ಚರ್ಮವೈದ್ಯರ ಬಳಿ ಒಯ್ದೆವು. ಎರಡೇ ರಾತ್ರಿ ಹಚ್ಚಿದ್ದರಿಂದ ಮುಖದಲ್ಲಿ ಏನೂ ಆಗಿರಲಿಲ್ಲ. ಸಮಾಧಾನಕ್ಕೆ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ಗೆಳತಿಯ ಮನೆಗೆ ಮಗಳೇ ಫೋನು ಮಾಡಿದಳು. ಆ ಅಕ್ಕ ಹಚ್ಚಲು ಶುರುಮಾಡಿ ಮೂರು ತಿಂಗಳಾಗಿತ್ತಂತೆ. ಅವರಮ್ಮ ಮೊದಲು ಸಿಟ್ಟಾದರು, ಆಮೇಲೆ ಎಲ್ಲಿ ತೋರಿಸಬೇಕು ಎಂದು ಕೇಳಿದರು.

ನನ್ನ ಪಾಲಿನದೂ ಇದೆ. ನಮ್ಮ ದೇಶದಲ್ಲಿ ಬೆಳ್ಳಗಾಗಿಸುವ ಕ್ರೀಮಿಗೆ ಮನೆಮಾತಾದ 'ಫೇರ್ ಅಂಡ್ ಲವ್ಲಿ' ಬಂದದ್ದು 1975ರಲ್ಲಿ. 2020ರಲ್ಲಿ ಅದು ತನ್ನ ಹೆಸರಿನಿಂದ 'ಫೇರ್' ಅನ್ನು ತೆಗೆದುಹಾಕಿತು. ಕಂಪನಿಯೇ ಬಿಟ್ಟ ಮಾತನ್ನು ನಾನು ಬಾಗಿಲಲ್ಲಿ ನಿಂತು ಆಡುತ್ತಿದ್ದೆ. ಈಗ ಬಾಗಿಲು ತೆಗೆದರೆ "ಯಾವ ಆಟ ಆಡಿದೆ, ಗೆದ್ದಿರಾ?" ಎಂದು ಕೇಳುತ್ತೇನೆ. ಬಾಯಿ ತಪ್ಪುವುದೂ ಉಂಟು.

ಹುಟ್ಟುಹಬ್ಬಕ್ಕೆ ಒಂದು ಅಗಲ ಅಂಚಿನ ಟೋಪಿ, ಒಂದು ಸನ್‌ಸ್ಕ್ರೀನ್ ಕೊಡಿಸಿದೆ. ಅಂಗಡಿಯಲ್ಲೇ ಡಬ್ಬಿ ತಿರುಗಿಸಿ ಪರವಾನಗಿ ಸಂಖ್ಯೆ ಓದಿದಳು. ಹಿಂದೆ ನಿಂತಿದ್ದವರಿಗೆ ತಡವಾಯಿತು. ಮನೆಗೆ ಬಂದ ಮೇಲೂ ಅವಳ ತಪಾಸಣೆ ನಿಲ್ಲಲಿಲ್ಲ. ಕಪಾಟಿನಲ್ಲಿದ್ದ ತಾತನ ಕಾಲದ ಸುರ್ಮಾ ಶೀಶೆ ಹೊರಬಂತು. ಸುರ್ಮಾವನ್ನು ಎಷ್ಟೋ ಕಡೆ ಸೀಸದ ಅದಿರಿನಿಂದಲೇ ಮಾಡುತ್ತಾರೆ, ಮಕ್ಕಳ ಮಿದುಳಿಗೆ ಸೀಸ ಕೆಟ್ಟದ್ದು. ಅದು ಟ್ಯೂಬಿನ ಹಾಗೆ ಚೀಲ ಸೇರಿತು. ಆಮೇಲೆ ಕನ್ನಡಿಗೆ ಅಂಟಿಸಿದ್ದ ನನ್ನ ಸ್ಟಿಕ್ಕರ್ ಬೊಟ್ಟಿನ ಹಾಳೆ ಕೈಗೆತ್ತಿಕೊಂಡಳು. ಕೆಲವು ಬೊಟ್ಟಿನ ಅಂಟಿನಲ್ಲಿರುವ ಒಂದು ರಾಸಾಯನಿಕದಿಂದ ಹಣೆಯಲ್ಲಿ ಬೊಟ್ಟಿನಷ್ಟಗಲ ಬಿಳಿಯ ಕಲೆ ಬೀಳುವುದನ್ನು ಚರ್ಮವೈದ್ಯರು ಬಹಳ ಹಿಂದೆಯೇ ದಾಖಲಿಸಿದ್ದಾರೆ. ಅದನ್ನು ಅವಳಿಗೆ ಓದಿ ಹೇಳಿದ್ದು ನಾನೇ.

"ಅಜ್ಜಿ, ಇದರಲ್ಲಿ ತಯಾರಕರ ಹೆಸರೇ ಇಲ್ಲ. ಅಂಟಿನಲ್ಲಿ ಏನಿದೆ ಅಂತನೂ ಬರೆದಿಲ್ಲ."

"ಮೂವತ್ತು ವರ್ಷದಿಂದ ಇಟ್ಕೋತಿದೀನಿ ಕಣೇ."

"ಹಣೆ ತೋರಿಸು."

ಬೊಟ್ಟು ತೆಗೆದೆ. ಕನ್ನಡಕ ಅವಳೇ ಹಾಕಿಕೊಂಡು, ಕಿಟಕಿಯ ಬೆಳಕಿಗೆ ನನ್ನ ಮುಖ ತಿರುಗಿಸಿ, ಬಹಳ ಹೊತ್ತು ನೋಡಿದಳು.